ಬಾಯಿ ಮುಚ್ಚಿದ ನೆಲ: ಒಂದು ಗೋಮಾಳದ ಮಣ್ಣಿನ ಪ್ರಕರಣ

ಈ ಗೋಮಾಳ ಇರುವುದು ಚಿತ್ರದುರ್ಗ ಜಿಲ್ಲೆಯಲ್ಲಿ, ಚಳ್ಳಕೆರೆ-ಹಿರಿಯೂರು ಕಡೆಯ ಒಣ ಸೀಮೆಯಲ್ಲಿ. ಊರಿನ ಹೆಸರು ಬೇಡ, ಜನರ ಹೆಸರೂ ಬೇಡ. ಕೆಲಸ ಮಾಡಿಸಿದವರ, ಮಾಡಿದವರ ಹೆಸರಂತೂ ಬೇಡವೇ ಬೇಡ, ಯಾಕೆಂದರೆ ತಪ್ಪು ಮಾಡಿದವರಲ್ಲಿ ನಾನೂ ಒಬ್ಬ. ಮಣ್ಣು ನೀರಿನ ಕೆಲಸ ಮಾಡುವ ಒಂದು ಸಣ್ಣ ತಂಡದಲ್ಲಿದ್ದೆ. ಪಂಚಾಯಿತಿಯವರು ಕರೆದರು, ಹೋದೆವು. ಐದು ಮಳೆಗಾಲ ಅಲ್ಲಿ ಓಡಾಡಿದೆವು. ಮೊದಲ ಎರಡು ಮಳೆಗಾಲ ನಾವು ಮಾಡಿದ್ದರಿಂದ ನೆಲ ಇನ್ನಷ್ಟು ಕೆಟ್ಟಿತು. ಅದು ಯಾಕೆ ಕೆಟ್ಟಿತು, ಯಾವ ದಿನ ನಮಗೆ ಗೊತ್ತಾಯಿತು ಅನ್ನೋದೇ ಈ ಬರಹ.

ನೆಲ, ಮಳೆ, ಕುರಿ

ಸುಮಾರು 200 ಎಕರೆಯ ಬೋಳು ದಿಬ್ಬ. ಇಳಿಜಾರು ಕಣ್ಣಿಗೆ ಕಾಣುವಷ್ಟೇನೂ ಇಲ್ಲ, ಸೈಕಲ್ ತುಳಿದರೆ ಕಾಲಿಗೆ ಗೊತ್ತಾಗುತ್ತದೆ. ಮೇಲೆಲ್ಲ ಬೆಣಚುಕಲ್ಲಿನ ಚೂರು, ಯಾರೋ ಲಾರಿಯಲ್ಲಿ ಜಲ್ಲಿ ತಂದು ಸುರಿದು ಹೋದ ಹಾಗೆ. ಅದರ ನಡುವೆ ತಂಗಡಿ, ಬಂದರಿಕೆ, ಕಾರೆಮುಳ್ಳು, ಪೊರಕೆ ಕಟ್ಟುವ ಹಂಚಿಕಡ್ಡಿ. ಅಲ್ಲೊಂದು ಇಲ್ಲೊಂದು ಕಮರದ ಮರ. ದಾಖಲೆಯಲ್ಲಿ ಇದು ಗೋಮಾಳ, ಒಂದು ಮೂಲೆ ಖರಾಬು. ಊರವರ ಬಾಯಲ್ಲಿ ಮಾತ್ರ 'ಕಾವಲು', ಅಂದರೆ ದನ ಮೇಯಲು ಕಾದಿಟ್ಟ ಹುಲ್ಲುಗಾವಲು. ಪಕ್ಕದಲ್ಲೇ ಹಿಂದೆ ಅಮೃತಮಹಲ್ ಕಾವಲಿತ್ತು, ಆ ಹೆಸರು ಇದಕ್ಕೂ ಅಂಟಿಕೊಂಡಿದೆ.

ಅಮೃತಮಹಲ್ ಕಾವಲುಗಳ ಕತೆ ಗೊತ್ತಿರುವವರಿಗೆ ಮತ್ತೆ ಹೇಳಬೇಕಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯಿಂದ ಶುರುವಾಗಿ, ಹೈದರ್ ಕಾಲದಲ್ಲಿ ಬೆಳೆದು, ಟಿಪ್ಪು ಕಾಲದಲ್ಲಿ ಅಮೃತಮಹಲ್ ಅನ್ನೋ ಹೆಸರು ಪಡೆದ ದನದ ಇಲಾಖೆ ಅದು. ನಮಗೆ ಇಲ್ಲಿ ಬೇಕಾದದ್ದು ಒಂದೇ ಸಂಗತಿ. ಆ ಕಾಲದಲ್ಲಿ ಕಾವಲುಗಳನ್ನು ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು ಎಂದು ಬೇರೆ ಬೇರೆ ಇಟ್ಟಿದ್ದರು. ದನ ಒಂದೇ ಕಡೆ ವರ್ಷಪೂರ್ತಿ ನಿಲ್ಲುತ್ತಿರಲಿಲ್ಲ. ಇದು ನಮಗೆ ಮೊದಲ ದಿನದಿಂದ ಗೊತ್ತಿತ್ತು. ಹಳೆಯ ಕತೆ ಅಂದುಕೊಂಡು ಪಕ್ಕಕ್ಕಿಟ್ಟಿದ್ದೆವು.

ಮಳೆ ವರ್ಷಕ್ಕೆ 500 ಮಿ.ಮೀ. ಆಸುಪಾಸು. ಘಟ್ಟದ ಮಳೆ ನೆರಳಿನ ಸೀಮೆ, ಮುಂಗಾರಿನಲ್ಲಿ ಬರೀ ಗಾಳಿ. ಅದಕ್ಕೂ ಮೊದಲು ಭರಣಿ, ಕೃತ್ತಿಕೆಯಲ್ಲಿ, ಅಂದರೆ ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ, ಗುಡುಗು ಸಿಡಿಲಿನ ಜೊತೆ ಒಂದೆರಡು ಜೋರು ಮಳೆ ಬೀಳುತ್ತದೆ. ಆಮೇಲೆ ಮೋಡ ಬಂದು ಬಂದು ಹೋಗುತ್ತದೆ. ನಿಜವಾದ ನೀರು ಕಾಣುವುದು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಯಲ್ಲಿ, ಅಂದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ.

ಈ ನೆಲವನ್ನು ನಂಬಿದ್ದು ಒಂದು ಗೊಲ್ಲರ ಹಟ್ಟಿ, ಜೊತೆಗೆ ಊರಿನ ಕೆಲವು ಕುರುಬರ ಮನೆಗಳು. ಎಲ್ಲ ಸೇರಿ ಎರಡು ಸಾವಿರದಷ್ಟು ಕುರಿ. ಒಂದಷ್ಟು ಆಡು, ದೇವರಿಗೆ ಬಿಟ್ಟ ಎತ್ತುಗಳ ಒಂದು ಸಣ್ಣ ಹಿಂಡು.

ದೂರು ಏನಿತ್ತು

ಹುಲ್ಲು ಕಡಿಮೆಯಾಗಿದೆ, ಇದು ಮೊದಲ ದೂರು. ಮೊದಲೆಲ್ಲ ಸಂಕ್ರಾಂತಿವರೆಗೆ ಇಲ್ಲೇ ಮೇಯಿಸಿ, ಆಮೇಲೆ ಕುರಿ ಹೊಡೆದುಕೊಂಡು ಭದ್ರಾ ಅಚ್ಚುಕಟ್ಟಿನ ಕಡೆ ಹೋಗುತ್ತಿದ್ದರು. ಈಗ ದೀಪಾವಳಿಗೇ ಹೊರಡಬೇಕು. ಎರಡನೆಯ ದೂರು ನೀರಿನದು. ಸಾಧಾರಣ ಮಳೆಗೂ ದಿಬ್ಬದಿಂದ ಕೆಂಪು ನೀರು ಹರಿದು ಬರುತ್ತದೆ. ಕೆಳಗಿನ ಗೋಕಟ್ಟೆ ಒಂದೇ ದಿನಕ್ಕೆ ತುಂಬುತ್ತದೆ, ಎರಡು ವರ್ಷಕ್ಕೆ ಹೂಳುತ್ತದೆ. "ಮಳೆ ಬಿದ್ದ ಮಾರನೇ ದಿನ ಕಾವಲಿನಲ್ಲಿ ಗುದ್ದಲಿ ಹಾಕಿದರೆ ಧೂಳು ಏಳ್ತದೆ" ಅಂದರು ಒಬ್ಬರು. ಆಡುಮಾತು ಅಂದುಕೊಂಡು ನಕ್ಕೆವು. ಅದು ಅಕ್ಷರಶಃ ನಿಜವಾಗಿತ್ತು.

ಪಂಚಾಯಿತಿಗೆ ಬೇಕಾದದ್ದೂ ಸ್ಪಷ್ಟವಾಗಿತ್ತು. ನರೇಗಾದಲ್ಲಿ ಇಂಗುಗುಂಡಿ ತೋಡಬೇಕು, ಗಿಡ ನೆಡಬೇಕು, ಕೂಲಿ ಸಿಗಬೇಕು. ತಪ್ಪೇನಿಲ್ಲ. ಬರದ ವರ್ಷದಲ್ಲಿ ಕೂಲಿ ಸಣ್ಣ ವಿಷಯವಲ್ಲ.

ಮೊದಲ ಎರಡು ಮಳೆಗಾಲ

ಕ್ರಮವಾಗಿಯೇ ಶುರು ಮಾಡಿದೆವು. ಹತ್ತು ಕಡೆ ಮೇಲಿನ ಅರ್ಧ ಅಡಿ ಮಣ್ಣು ತೆಗೆದು, ಬೆರೆಸಿ, ಪರೀಕ್ಷೆಗೆ ಕಳಿಸಿದೆವು. ವರದಿ ಬಂತು: ಮರಳು ಮಿಶ್ರಿತ ಗೋಡು (ಮರಳು, ಜೇಡಿ ಬೆರೆತ ಮಣ್ಣು), ಪಿಎಚ್ 6.6 (ಹುಳಿಯೂ ಅಲ್ಲ, ಕ್ಷಾರವೂ ಅಲ್ಲ), ಲವಣದ ತೊಂದರೆ ಇಲ್ಲ, ಸಾವಯವ ಇಂಗಾಲ, ಅಂದರೆ ಕೊಳೆತ ಎಲೆ ಬೇರಿನಿಂದ ಮಣ್ಣಿಗೆ ಸೇರುವ ಸಾರ, ಶೇ. 0.4. ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ ಎಂದು ಲೆಕ್ಕ, ಒಣ ಸೀಮೆಯಲ್ಲಿ ಅದು ಮಾಮೂಲು. ಒಟ್ಟಾರೆ ಓದಿದರೆ ಒಳ್ಳೆಯ ಶೇಂಗಾ ಹೊಲದ ವರದಿ ಇದ್ದ ಹಾಗಿತ್ತು. ಮಣ್ಣು ಸರಿಯಾಗಿದೆ, ನೀರು ನಿಲ್ಲಿಸಿದರೆ ಸಾಕು ಎಂದು ತೀರ್ಮಾನಿಸಿದೆವು.

ಇಲ್ಲೇ ಮೊದಲು ಎಡವಿದ್ದು. ಪ್ರಯೋಗಾಲಯದಲ್ಲಿ ಮಣ್ಣನ್ನು 2 ಮಿ.ಮೀ. ಜರಡಿಯಲ್ಲಿ ಹಿಡಿಯುತ್ತಾರೆ. ಜರಡಿಯ ಮೇಲೆ ಉಳಿದ ಕಲ್ಲು, ಹರಳು ಆಚೆ ಹೋಗುತ್ತದೆ. ಕೆಳಗೆ ಬಿದ್ದದ್ದಕ್ಕೆ ಮಾತ್ರ ಪರೀಕ್ಷೆ. ಅದು ಅವರ ತಪ್ಪಲ್ಲ, ಪದ್ಧತಿಯೇ ಹಾಗೆ. ಹೊಲದ ಮಣ್ಣಿಗೆ ಅದು ಸರಿ. ಆದರೆ ನಮ್ಮ ನೆಲದಲ್ಲಿ ಅರ್ಧಕ್ಕರ್ಧ ಹರಳು. ಅಂದರೆ ನೆಲದ ಅರ್ಧ ಭಾಗ ವರದಿಯಲ್ಲಿ ಇರಲೇ ಇಲ್ಲ. ನಾವೂ ಕೇಳಲಿಲ್ಲ. ಕಳಿಸುವ ಮೊದಲು ದಪ್ಪ ಕಲ್ಲುಗಳನ್ನು ಆರಿಸಿ ಎಸೆದವರೂ ನಾವೇ.

ಆಮೇಲೆ ಗುಂಡಿಗಳು. ಇಳಿಜಾರಿಗೆ ಅಡ್ಡಲಾಗಿ ಸಾಲು ಸಾಲು ತೋಡಿಸಿದೆವು. ಒಂದೂವರೆ ಅಡಿ ಆಳ. ತೋಡಿದ ಮಣ್ಣನ್ನು ಕೆಳಗಿನ ಅಂಚಿಗೆ ಒಡ್ಡು ಹಾಕಿಸಿದೆವು. ಒಡ್ಡು ಕೊಚ್ಚಿಹೋಗದಿರಲಿ ಎಂದು ಸುತ್ತಮುತ್ತಲಿನ ಬೆಣಚುಕಲ್ಲನ್ನು ಆರಿಸಿ ತಂದು ಅದಕ್ಕೆ ಹೊದಿಸಿದೆವು. ನೆಲ ಚೊಕ್ಕಟವಾಯಿತು ಎಂದು ಖುಷಿಯೂ ಆಯಿತು. ಒಡ್ಡಿನ ಬುಡದಲ್ಲಿ ಹೊಂಗೆ, ಬೇವು, ಹುಣಸೆ ಸಸಿ.

ಕೃತ್ತಿಕೆಯ ಒಂದು ಸಂಜೆ ಮಳೆ ಬಂತು. ಮುಕ್ಕಾಲು ಗಂಟೆ ಬಿದ್ದಿರಬಹುದು. ಮಾರನೇ ದಿನ ಹೋಗಿ ನೋಡಿದರೆ ಗುಂಡಿಗಳು ತುಂಬಿ, ಒಡ್ಡು ಹಾರಿ, ಮೂರು ಕಡೆ ಕೊರಕಲು ಬಿದ್ದಿತ್ತು. ಗುಂಡಿಯಿಂದ ಎತ್ತಿದ ಗರಸು ಇಳಿಜಾರಿನ ಕೆಳಗೆ ಹರಡಿ, ಇದ್ದಬದ್ದ ಹುಲ್ಲಿನ ಬುಡವನ್ನೂ ಮುಚ್ಚಿತ್ತು. ಕಲ್ಲು ಆರಿಸಿದ ಜಾಗ ಒಣಗುತ್ತಾ ಬಂದಂತೆ ಹಪ್ಪಳದ ಹಾಗೆ ಗಟ್ಟಿಯಾಯಿತು. ಹಿಂಗಾರಿನಲ್ಲಿ ಸಸಿ ಚಿಗುರಿದವು. ಫೆಬ್ರವರಿಯಲ್ಲಿ ಒಣಗಿದವು. ಬೇವು ಒಂದಿಷ್ಟು ಉಳಿಯಿತು, ಹೊಂಗೆ ಒಂದೂ ಇಲ್ಲ.

ಗುಂಡಿ ಸಾಲದು, ಜಾಸ್ತಿ ಬೇಕಿತ್ತು ಎಂದು ಎರಡನೆಯ ವರ್ಷ ಇನ್ನೊಂದಷ್ಟು ತೋಡಿಸಿದೆವು. ಈ ನಿರ್ಧಾರದ ಬಗ್ಗೆ ಈಗ ಬರೆಯಲೂ ಮುಜುಗರ. ಕೆಲಸ ಕೈಗೂಡದಿದ್ದರೆ ಅದನ್ನೇ ಇಮ್ಮಡಿ ಮಾಡುವುದು ನಮ್ಮಂಥವರ ಹಳೇ ಚಾಳಿ.

ರೊಪ್ಪದ ಗುರುತು

ಎರಡನೆಯ ವರ್ಷದ ನವೆಂಬರ್‌ನಲ್ಲಿ, ಸಸಿ ಎಣಿಸಲು ಹೋಗಿದ್ದೆವು. ಹಟ್ಟಿಯ ಹಿರಿಯರೊಬ್ಬರು ಕುರಿ ಕಾಯುತ್ತಿದ್ದರು. ನಾವು ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದೆವು. ದಿಬ್ಬದ ನಡುವೆ ಒಂದು ಕಡೆ ಮೊಣಕಾಲುದ್ದ ಹುಲ್ಲು ನಿಂತಿತ್ತು. ಸುತ್ತ ಎಲ್ಲ ಬೋಳು. ನೋಡಿದರೆ ದುಂಡಗೆ, ಕೈವಾರ ಹಾಕಿ ಬರೆದ ಹಾಗೆ.

"ಅಜ್ಜ, ಇಲ್ಲಿ ಮಾತ್ರ ಹೆಂಗೆ ಇಷ್ಟು ಹುಲ್ಲು?"

"ನಮ್ಮ ರೊಪ್ಪ ಇತ್ತಲ್ಲ ಸ್ವಾಮಿ ಇಲ್ಲಿ. ಬಿಟ್ಟು ಆರೇಳು ವರ್ಷ ಆತು."

ರೊಪ್ಪ ಅಂದರೆ ರಾತ್ರಿ ಕುರಿ ಕೂಡುವ ಮುಳ್ಳುಬೇಲಿಯ ದೊಡ್ಡಿ. ಗೊಬ್ಬರ ಬಿದ್ದಿದೆ, ಹುಲ್ಲು ಬೆಳೆದಿದೆ, ಇಷ್ಟೇ ತಾನೇ ಅಂದೆ. ಅಜ್ಜ ಒಪ್ಪಲಿಲ್ಲ. "ಗೊಬ್ಬರ ಅಲ್ಲೆಲ್ಲೈತೆ, ಆಗಲೇ ಮಾರಿಕೊಂಡ್ವಿ. ಮುಳ್ಳು ಬಿದ್ದಿದ್ ಜಾಗ ನೋಡ್ರಿ ಮೊದ್ಲು" ಎಂದು ಕೋಲಿನಿಂದ ತೋರಿಸಿದರು. ನಿಜ. ಹುಲ್ಲು ದಟ್ಟವಾಗಿದ್ದದ್ದು ದೊಡ್ಡಿಯ ನಡುವೆ ಅಲ್ಲ. ಬೇಲಿ ಇದ್ದ ಅಂಚಿನಲ್ಲಿ, ಮುಳ್ಳು ಬಿದ್ದು ಗೆದ್ದಲು ತಿಂದು ಮಣ್ಣಾದ ಆ ಎರಡು ಮಾರು ಅಗಲದ ಪಟ್ಟಿಯಲ್ಲಿ.

ಆಮೇಲೆ ನಮ್ಮ ಗುಂಡಿಗಳ ಕಡೆ ನೋಡಿ ಹೇಳಿದರು: "ಈ ನೆಲಕ್ಕೆ ಹೊಟ್ಟೆ ಸಣ್ದು ಸ್ವಾಮಿ. ಬಾಯಿನೂ ಮುಚ್ಚೈತೆ. ನೀವು ಬಾಯಿ ತೆಗಿಯೋದು ಬಿಟ್ಟು ಹೊಟ್ಟೆ ಕುಯ್ದ್ರಿ."

ಆ ಮಾತು ಕೇಳಿದಾಗ ಸಿಟ್ಟು ಬಂದಿತ್ತು ಅನ್ನೋದನ್ನೂ ಬರೆದುಬಿಡುತ್ತೇನೆ.

ಗುಂಡಿಯೊಳಗೆ ಇಳಿದು ನೋಡಿದ್ದು

ಮಾರನೇ ವಾರ ಮೂರು ಕಡೆ ಮಣ್ಣು ನೋಡುವ ಗುಂಡಿ ತೋಡಿದೆವು. ಇದನ್ನು ಮೊದಲ ವಾರವೇ ಮಾಡಬೇಕಿತ್ತು. ಮೂರು ಆಳು, ಒಂದು ದಿನದ ಕೆಲಸ.

ದಿಬ್ಬದ ನೆತ್ತಿಯಲ್ಲಿ ಒಂದು ಗೇಣು ಇಳಿಯುವಷ್ಟರಲ್ಲಿ ಗುದ್ದಲಿ ಠಣ್ ಎಂದಿತು. ಕೆಳಗೆ ಕೊಳೆತ ಕಲ್ಲು. ಮಣ್ಣಿನ ಸರ್ವೆಯವರ ಲೆಕ್ಕದಲ್ಲಿ 25 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀರಾ ತೆಳು ಮಣ್ಣು. ಕೆಳಗೆ ಹಳ್ಳದ ಪಕ್ಕದ ಗುಂಡಿಯಲ್ಲಿ ಮೀಟರು ಇಳಿದರೂ ಮಣ್ಣೇ. ಅದೂ ಕಪ್ಪಗೆ, ಎರೆಯ ಹಾಗೆ, ತಳದಲ್ಲಿ ಸುಣ್ಣದ ಹರಳು. ಮೇಲಿನಿಂದ ಸಾವಿರಾರು ವರ್ಷ ಕೊಚ್ಚಿಕೊಂಡು ಬಂದ ನುಣ್ಣನೆ ಮಣ್ಣೆಲ್ಲ ಇಲ್ಲಿ ಕೂತಿದೆ. ಒಂದೇ ಗೋಮಾಳ, ಮುನ್ನೂರು ನಾನೂರು ಹೆಜ್ಜೆಯೊಳಗೆ ಎರಡು ಬೇರೆ ನೆಲ. ನಾವು ಹತ್ತು ಕಡೆಯ ಮಣ್ಣು ಬೆರೆಸಿ ಒಂದೇ ಪೊಟ್ಟಣ ಕಟ್ಟಿದ್ದೆವಲ್ಲ, ಆ ವರದಿ ಯಾವ ಜಾಗದ್ದು? ಯಾವ ಜಾಗದ್ದೂ ಅಲ್ಲ.

ನಿಜವಾದ ಪಾಠ ಕಲಿಸಿದ್ದು ಇಳಿಜಾರಿನ ನಡುವಿನ ಗುಂಡಿ, ಯಾಕೆಂದರೆ ಗೋಮಾಳದ ಹೆಚ್ಚು ಪಾಲು ಅಂಥದೇ. ಮೇಲಿನಿಂದ ಕೆಳಗೆ ಹೇಳುತ್ತೇನೆ.

ಎಲ್ಲಕ್ಕಿಂತ ಮೇಲೆ ಬೆಣಚುಕಲ್ಲಿನ ಹಾಸು. ಇದು ಸುಮ್ನೆ ಬಿದ್ದಿರುವುದಲ್ಲ. ಸುತ್ತಲಿನ ನುಣ್ಣನೆ ಮಣ್ಣು ನೀರಿಗೂ ಗಾಳಿಗೂ ಹೋದ ಮೇಲೆ ಉಳಿದದ್ದು. ಸಡಿಲವಾಗಿ ಮೇಲೆ ಕೂತ ಕಲ್ಲು ಮಳೆಹನಿಯ ಪೆಟ್ಟನ್ನು ತಾನು ತಿನ್ನುತ್ತದೆ. ಒಂದು ಕಲ್ಲನ್ನು ಎತ್ತಿ ನೋಡಿದರೆ ಕೆಳಗಿನ ಮಣ್ಣು ಪುಡಿಪುಡಿ, ತುಸು ತೇವ, ಇರುವೆ ಗೆದ್ದಲಿನ ತೂತು. ಪಕ್ಕದ ಬೋಳು ಜಾಗದಲ್ಲಿ ಉಗುರು ಕೂಡ ಇಳಿಯುವುದಿಲ್ಲ. ಆ ಕಲ್ಲುಗಳನ್ನೇ ಅಲ್ವಾ ನಾವು ಕೂಲಿ ಕೊಟ್ಟು ಆರಿಸಿದ್ದು!

ಅದರ ಕೆಳಗೆ ಒಂದೆರಡು ಮಿ.ಮೀ. ದಪ್ಪದ ಕಪ್ಪು ಚರ್ಮ ಅಲ್ಲಲ್ಲಿ. ಪಾಚಿ, ಕಲ್ಲುಹೂವಿನ ಜಾತಿಯ ಸಣ್ಣ ಜೀವಗಳು ಮಣ್ಣಿನ ಕಣಗಳನ್ನು ಹೆಣೆದು ಮಾಡಿದ್ದು. ಕುರಿ ದಾರಿಯಲ್ಲಿ ಇದು ಇರಲಿಲ್ಲ. ಪೊದೆಗಳ ನಡುವೆ ಇತ್ತು.

ಬೋಳು ಜಾಗದಲ್ಲಿ ಇದರ ಬದಲು ಹೆಪ್ಪು. ಅರ್ಧ ಸೆಂ.ಮೀ. ಕೂಡ ಇಲ್ಲ. ಚಾಕುವಿನಿಂದ ಎಬ್ಬಿಸಿದರೆ ಬಿಲ್ಲೆಯಾಗಿ ಬರುತ್ತದೆ. ಇಂಗಾಲ ಕಡಿಮೆ ಇರುವ ಮಣ್ಣಿನ ಉಂಡೆಗಳಿಗೆ ಅಂಟು ಸಾಲದು. ಮಳೆಹನಿ ಬಡಿದ ಕೂಡಲೇ ಒಡೆಯುತ್ತವೆ. ನುಣ್ಣನೆ ಕಣಗಳು ಮಣ್ಣಿನ ತೂತುಗಳಿಗೆ ಗಾರೆಯ ಹಾಗೆ ತುಂಬುತ್ತವೆ. ಬಿಸಿಲಿಗೆ ಒಣಗಿದರೆ ಹೆಪ್ಪು. ಒಂದು ಲೋಟ ನೀರಿಗೆ ಮಣ್ಣಿನ ಹೆಂಟೆ ಹಾಕಿ ನೋಡಿದೆವು. ಬೋಳು ಜಾಗದ್ದು ಎಣಿಸುವಷ್ಟರಲ್ಲಿ ಕರಗಿ ಕೂತಿತು. ಹುಲ್ಲಿನ ಬುಡದ್ದು ಹತ್ತು ನಿಮಿಷವಾದರೂ ಉಂಡೆಯಾಗಿಯೇ ಇತ್ತು. ಇದನ್ನು ಯಾರು ಬೇಕಾದರೂ ಮಾಡಬಹುದು, ಕಾಸಿನ ಖರ್ಚಿಲ್ಲ.

ಎರೆ ನೆಲದಲ್ಲೂ ಹೆಪ್ಪುಗಟ್ಟಬಹುದು. ಆದರೆ ಎರೆಯ ಜೇಡಿ ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ, ಮುಂದಿನ ಮಳೆಗೆ ತಾನೇ ಬಾಯಿ ತೆರೆದಿರುತ್ತದೆ. ಈ ಕೆಂಪು ಮಣ್ಣಿನ ಜೇಡಿ ಹಿಗ್ಗುವುದೂ ಕಡಿಮೆ, ಕುಗ್ಗುವುದೂ ಕಡಿಮೆ. ಒಮ್ಮೆ ಬಾಯಿ ಮುಚ್ಚಿದರೆ ತಾನಾಗಿ ತೆರೆಯುವುದಿಲ್ಲ. ಬೇರು ತೆರೆಯಬೇಕು, ಇಲ್ಲವೇ ಗೆದ್ದಲು ತೆರೆಯಬೇಕು.

ಹೆಪ್ಪಿನ ಕೆಳಗೆ ಸುಮಾರು 12 ಸೆಂ.ಮೀ.ವರೆಗೆ ಕಂದುಗೆಂಪು ಮರಳು ಗೋಡು. ಆಮೇಲೆ 30 ಸೆಂ.ಮೀ.ವರೆಗೆ ಕಡುಗೆಂಪು. ಆ ಕೆಂಪು ಅಂದರೆ ಕಬ್ಬಿಣದ ತುಕ್ಕೇ. ಇಲ್ಲಿ ಜೇಡಿ ಜಾಸ್ತಿ, ಒದ್ದೆ ಮಾಡಿ ಬೆರಳಲ್ಲಿ ಹೊಸೆದರೆ ಪಟ್ಟಿ ಬರುತ್ತದೆ, ಮೇಲಿನದು ಬರುವುದಿಲ್ಲ. ಹರಳು ಅರ್ಧದಷ್ಟು. ಅದರ ಕೆಳಗೆ ಕೊಳೆತ ಗ್ರಾನೈಟಿನಂಥ ಪಟ್ಟೆಗಲ್ಲು. ಈ ಭಾಗದ ತಳಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅಷ್ಟು ಹಳೆಯ ಕಲ್ಲಿನ ಮೇಲೆ ಒಂದೂಕಾಲು ಗೇಣು ಮಣ್ಣು.

ಹುಲ್ಲಿನ ಬೇರುಗಳೆಲ್ಲ ಮೇಲಿನ ಅರ್ಧ ಅಡಿಯಲ್ಲೇ ಜಾಲ ಕಟ್ಟಿದ್ದವು. ಬಂದರಿಕೆಯ ಬೇರು ಮಾತ್ರ ಕೊಳೆತ ಕಲ್ಲಿನ ಬಿರುಕು ಹುಡುಕಿಕೊಂಡು ಕೆಳಗೆ ಇಳಿದಿತ್ತು. ಕಮರ, ಬಂದರಿಕೆ ಇಲ್ಲಿ ಯಾಕೆ ಬದುಕುತ್ತವೆ, ಹಳ್ಳದ ದಂಡೆಯ ಹೊಂಗೆ ಯಾಕೆ ಸತ್ತಿತು ಎಂದು ಕೇಳುವ ಅಗತ್ಯವೇ ಉಳಿಯಲಿಲ್ಲ.

ಅಲ್ಲೇ ಕೂತು ಲೆಕ್ಕ ಹಾಕಿದೆವು. ಇಂಥ ಗೋಡು ಮಣ್ಣು ಮೀಟರು ಆಳಕ್ಕೆ ಗಿಡಕ್ಕೆ ದಕ್ಕುವ ನೀರನ್ನು ಹಿಡಿಯುವುದು ಹೆಚ್ಚೆಂದರೆ 120 ಮಿ.ಮೀ. ನಮ್ಮಲ್ಲಿರುವುದು 30 ಸೆಂ.ಮೀ., ಅಂದರೆ 36 ಮಿ.ಮೀ. ಅದರಲ್ಲಿ ಅರ್ಧ ಕಲ್ಲು. ಉಳಿದದ್ದು 18 ಮಿ.ಮೀ. ಬಿಸಿಲು ಗಾಳಿಯ ದಿನಗಳಲ್ಲಿ ಹಸಿರು ನೆಲದಿಂದ ದಿನಕ್ಕೆ 5 ಮಿ.ಮೀ. ನೀರು ಆರಿಹೋಗುತ್ತದೆ. ಪೂರ್ತಿ ತುಂಬಿದ ಹೊಟ್ಟೆಯೂ ನಾಲ್ಕು ದಿನಕ್ಕೆ ಖಾಲಿ. ಅಜ್ಜ ಹೊಟ್ಟೆ ಸಣ್ಣದು ಅಂದದ್ದು ಇದನ್ನೇ.

ಒಂದು ಮಿ.ಮೀ. ಮಳೆ ಅಂದರೆ ಎಕರೆಗೆ ಸುಮಾರು 4,000 ಲೀಟರ್. 30 ಮಿ.ಮೀ.ನ ಒಂದು ಮಳೆ ಎಕರೆಗೆ 1,20,000 ಲೀಟರ್ ಸುರಿಯುತ್ತದೆ. ಮಣ್ಣು ಬಾಯಿ ತೆರೆದು ಕುಡಿದರೂ ಅದರಲ್ಲಿ 72,000 ಲೀಟರ್ ಹಿಡಿದೀತು. ಈಗ ಬಾಯಿ ಮುಚ್ಚಿದೆ, ಅದೂ ಇಲ್ಲ. ನಾವು ತೋಡಿದ ಗುಂಡಿ ನೀರನ್ನು ನಿಲ್ಲಿಸಿದ್ದು ಮಣ್ಣಿನಲ್ಲಿ ಅಲ್ಲ, ಕೊಳೆತ ಕಲ್ಲಿನ ತೊಟ್ಟಿಯಲ್ಲಿ. ಹುಲ್ಲಿಗೆ ಅದು ಎಟುಕಲಿಲ್ಲ. ಮೇಲಾಗಿ ತೋಡಿ ತೆಗೆದ ಬರಡು ಗರಸನ್ನು ಜೀವ ಇದ್ದ ಮೇಲ್ಮಣ್ಣಿನ ಮೇಲೆ ಹಾಕಿದೆವು.

ಬಾಯಿ ಎಷ್ಟು ಮುಚ್ಚಿದೆ ಎಂದು ಅಳೆಯಲು ತಳ ಕತ್ತರಿಸಿದ ಹಾಲಿನ ಪುಡಿ ಡಬ್ಬ ಸಾಕಾಯಿತು. ನೆಲಕ್ಕೆ ಎರಡು ಬೆರಳು ಇಳಿಸಿ, ಒಂದು ಚೊಂಬು ನೀರು ಹಾಕಿ, ಗಡಿಯಾರ ನೋಡುವುದು. ಬೋಳು ಹೆಪ್ಪಿನ ಮೇಲೆ 40 ನಿಮಿಷ ದಾಟಿತು. ಹಂಚಿಕಡ್ಡಿಯ ಬುಡದಲ್ಲಿ 8 ನಿಮಿಷ. ಹಳೆಯ ರೊಪ್ಪದ ಬೇಲಿಯ ಪಟ್ಟಿಯಲ್ಲಿ 5 ನಿಮಿಷವೂ ಹಿಡಿಯಲಿಲ್ಲ.

ಜಗಳ

ಇನ್ನು ಗುಂಡಿ ಬೇಡ, ಮೇಲಿನ ಎರಡು ಬೆರಳು ಮಣ್ಣಿನ ಕೆಲಸ ಮಾಡೋಣ ಎಂದು ಪಂಚಾಯಿತಿಗೆ ಹೇಳಿದಾಗ ಸುಲಭಕ್ಕೆ ಯಾರೂ ಒಪ್ಪಲಿಲ್ಲ. ಗುಂಡಿಗೆ ಅಳತೆ ಇದೆ, ಅಳತೆಗೆ ಬಿಲ್ಲು ಇದೆ. ಮುಳ್ಳು ಹಾಸುವುದಕ್ಕೆ ಯಾವ ಅಳತೆ? ಒಬ್ಬ ಸದಸ್ಯರು ನೇರವಾಗಿ ಕೇಳಿದರು, "ಸಾರ್, ಎರಡು ವರ್ಷ ತೋಡಿ ಅಂದವರೂ ನೀವೇ, ಈಗ ಬೇಡ ಅನ್ನೋರೂ ನೀವೇ. ಯಾವುದನ್ನ ನಂಬೋಣ?" ಉತ್ತರ ನಮ್ಮ ಹತ್ತಿರ ಇರಲಿಲ್ಲ. ಡಬ್ಬ, ಚೊಂಬು ತೆಗೆದುಕೊಂಡು ಹೋಗಿ ಎಲ್ಲರ ಎದುರು ನೀರು ಹಾಕಿ ತೋರಿಸಿದೆವು. ಅದರಿಂದ ಅರ್ಧ ಜನ ಬಗ್ಗಿದರು. ಕೊನೆಗೆ 60 ಎಕರೆಗೆ ಮಾತ್ರ ಒಪ್ಪಿಗೆ ಸಿಕ್ಕಿತು.

ಮಾಡಿದ್ದು ಇಷ್ಟು. ಒಡ್ಡಿಗೆ ಹೊದಿಸಿದ ಕಲ್ಲುಗಳನ್ನು ವಾಪಸು ತಂದು ಬೋಳು ಜಾಗದಲ್ಲಿ ಚೆಲ್ಲಿದೆವು. ದಪ್ಪ ಕಲ್ಲುಗಳನ್ನು ಇಳಿಜಾರಿಗೆ ಅಡ್ಡ ಸಾಲಾಗಿ, ಒಂದೇ ಕಲ್ಲಿನ ಎತ್ತರಕ್ಕೆ ಇಟ್ಟೆವು. ನೀರನ್ನು ತಡೆಯಲಿಕ್ಕಲ್ಲ, ಅದರ ಓಟ ನಿಧಾನ ಮಾಡಲಿಕ್ಕೆ. ಬೋಳು ಹೆಪ್ಪಿನ ಮೇಲೆ ಬಳ್ಳಾರಿ ಜಾಲಿಯ ಕೊಂಬೆ ಕಡಿದು ಹಾಸಿದೆವು. ಗಾಳಿಗೆ ಹಾರುವ ಹಿಕ್ಕೆ, ತರಗು, ಹುಲ್ಲಿನ ಬೀಜ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ತಿನ್ನಲು ಗೆದ್ದಲು ಬರುತ್ತದೆ, ಬಂದ ಗೆದ್ದಲು ನೆಲವನ್ನು ತೂತು ಮಾಡುತ್ತದೆ.

ಹೊಲದವರಿಗೆ ಗೆದ್ದಲು ಅಂದರೆ ಶತ್ರು. ಇಲ್ಲಿ ಅದು ಕೂಲಿ ಕೇಳದ ಆಳು. ಹುತ್ತ ಕಟ್ಟುವಾಗ ಕೆಳಗಿನ ಜೇಡಿಯನ್ನು ಮೇಲೆ ತರುವುದೂ ಅದೇ.

ಮೂರನೆಯ ಕೆಲಸ ಎಲ್ಲಕ್ಕಿಂತ ಕಷ್ಟದ್ದು. ಹಗಲೆಲ್ಲ ಕುರಿ ಕಾವಲಿನ ಹುಲ್ಲು ಮೇಯುತ್ತದೆ. ರಾತ್ರಿ ಹಟ್ಟಿಯಲ್ಲಿ ಹಿಕ್ಕೆ ಹಾಕುತ್ತದೆ. ಹಿಕ್ಕೆ ಟ್ರ್ಯಾಕ್ಟರ್ ಏರಿ ಅಡಿಕೆ ತೋಟಕ್ಕೆ ಹೋಗುತ್ತದೆ. ವರ್ಷ ವರ್ಷ ಕಾವಲಿನ ಸಾರ ಹೀಗೆ ಊರು ಬಿಟ್ಟು ಹೋಗುತ್ತಿದೆ. ಮುಂಗಾರಿನ ಮೊದಲು ಕೆಲವು ವಾರ ರೊಪ್ಪವನ್ನು ಬೋಳು ಜಾಗದಲ್ಲೇ ಹಾಕಿ, ಎಂಟು ಹತ್ತು ರಾತ್ರಿಗೊಮ್ಮೆ ಜಾಗ ಬದಲಿಸಿ ಎಂದು ಕೇಳಿದೆವು. "ಹಿಕ್ಕೆ ನಮ್ಮ ದುಡ್ಡು ಸ್ವಾಮಿ" ಅಂದರು ಹೆಂಗಸರು. ಸರಿಯಾದ ಮಾತೇ. ಒಬ್ಬರ ಗೊಬ್ಬರವನ್ನು ಊರಿನ ನೆಲಕ್ಕೆ ಪುಕ್ಕಟೆ ಹಾಕಿ ಅನ್ನುವ ಹಕ್ಕು ನಮಗೆಲ್ಲಿದೆ? ರೊಪ್ಪ ಹಾಕಿದ ಮನೆಗಳಿಗೆ ಆ 60 ಎಕರೆಯ ಹುಲ್ಲು ಕೊಯ್ಯುವ ಮೊದಲ ಪಾಲು ಎಂದು ತೀರ್ಮಾನವಾಯಿತು. ಏಳು ಮನೆಯವರು ಒಪ್ಪಿದರು, ಉಳಿದವರು ಇಲ್ಲ.

ಹುಬ್ಬೆಯಿಂದ ಮಹಾನವಮಿ ಕಳೆಯುವವರೆಗೆ ಆ ಭಾಗಕ್ಕೆ ಕುರಿ ಬಿಡುವಂತಿಲ್ಲ ಎಂಬ ಕಟ್ಟಳೆಯನ್ನು ಹಟ್ಟಿಯವರೇ ಮಾಡಿಕೊಂಡರು. ಹುಲ್ಲು ಬೀಜ ಕಟ್ಟಿ ಉದುರಿಸುವ ಕಾಲ ಅದು. ಪಕ್ಕಕ್ಕಿಟ್ಟಿದ್ದ ಮಳೆಗಾಲದ ಕಾವಲು, ಬೇಸಿಗೆ ಕಾವಲಿನ ಕತೆ ಆಗ ನೆನಪಾಯಿತು.

ಏನಾಯಿತು

ಮೊದಲ ವರ್ಷ ರೊಪ್ಪ ಹಾಕಿದ ಜಾಗದಲ್ಲಿ ಬಂದದ್ದು ಹುಲ್ಲಲ್ಲ. ಮುಳ್ಳುದಂಟು, ಉತ್ತರಾಣಿ, ನೆಗ್ಗಿಲು. ಸಾರ ಒಮ್ಮೆಲೇ ಜಾಸ್ತಿಯಾದರೆ ಕಳೆಗೇ ಮೊದಲ ಊಟ. ಪಂಚಾಯಿತಿಯವರು ನಮ್ಮನ್ನು ನೋಡಿ ನಗುತ್ತಿದ್ದರು. ಎರಡನೆಯ ವರ್ಷ ಗರಿಕೆ ಹಬ್ಬಿತು. ಮೂರನೆಯ ವರ್ಷ ಅಂಚಿನಿಂದ ಬಹುವಾರ್ಷಿಕ ಹುಲ್ಲು ಒಳಗೆ ಬರತೊಡಗಿತು.

ಮುಳ್ಳು ಹಾಸಿದ ಜಾಗದಲ್ಲಿ ಫಲ ಬೇಗ ಕಂಡಿತು. ಒಂದೇ ಮಳೆಗಾಲಕ್ಕೆ ಕೊಂಬೆಗಳ ಕೆಳಗೆ ಗೆದ್ದಲಿನ ಮಣ್ಣು, ಹುಲ್ಲಿನ ಮೊಳಕೆ. ಆದರೆ ಅಲ್ಲೊಂದು ಎಡವಟ್ಟು ಮಾಡಿದ್ದೆವು. ಮೊದಲ ಸಲ ಕಡಿದ ಕೊಂಬೆಗಳಲ್ಲಿ ಕಾಯಿ ಇತ್ತು. ಹುಲ್ಲಿನ ಜೊತೆ ಬಳ್ಳಾರಿ ಜಾಲಿಯೂ ಮೊಳೆಯಿತು. ಎರಡು ವರ್ಷ ಅದನ್ನು ಕಿತ್ತದ್ದೇ ಕೆಲಸ. ಕಾಯಿ ಬಿಡುವ ಮೊದಲೇ ಕಡಿಯಬೇಕು, ಇಲ್ಲವೇ ಬೇರೆ ಮುಳ್ಳು ಹುಡುಕಬೇಕು.

ನೆತ್ತಿಯ ಹತ್ತು ಹದಿನೈದು ಎಕರೆಯಲ್ಲಿ ಏನೂ ಆಗಲಿಲ್ಲ. ಮಣ್ಣೇ ಇಲ್ಲದ ಕಡೆ ಯಾವ ಉಪಾಯವೂ ನಡೆಯುವುದಿಲ್ಲ. ಅಲ್ಲಿ ಕಲ್ಲಿನ ಹಾಸನ್ನು ಮುಟ್ಟದೆ ಬಿಡುವುದೇ ಕೆಲಸ ಎಂದು ಒಪ್ಪಿಕೊಂಡೆವು. ಕೊನೆಯ ಮಳೆಗಾಲದಲ್ಲಿ ಹಸ್ತ, ಚಿತ್ತೆ ಎರಡೂ ಕೈಕೊಟ್ಟವು. ಹುಲ್ಲು ಎಲ್ಲ ಕಡೆ ಕಡಿಮೆ. ಆದರೂ ಆ ಏಳು ಮನೆಯವರು ಡಿಸೆಂಬರ್ ಕೊನೆವರೆಗೆ ಊರಲ್ಲೇ ಉಳಿದರು. ಗೋಕಟ್ಟೆಗೆ ಹೂಳು ಬರುವುದು ನಿಂತಿಲ್ಲ, ಯಾಕೆಂದರೆ ಉಳಿದ 140 ಎಕರೆ ಹಾಗೇ ಇದೆ. ಆಡು ಸಾಕಿದವರಿಗೆ ಕಟ್ಟಳೆಯಿಂದ ನಷ್ಟವೇ ಆಯಿತು. ಅವರ ಸಿಟ್ಟು ಇನ್ನೂ ಆರಿಲ್ಲ.

ನಿರ್ಧಾರಗಳ ಬಗ್ಗೆ

ಇಂಥದೇ ನೆಲಕ್ಕೆ ಹೋಗುವವರಿಗೆ ನಾನು ಮೊದಲು ಹೇಳುವುದು, ಬಿಲ್ಲಿನ ಗುಂಡಿಗಿಂತ ಮೊದಲು ನೋಡುವ ಗುಂಡಿ ತೋಡಿ ಎಂದು. ನೆತ್ತಿ, ನಡು, ಬುಡ ಮೂರೂ ಕಡೆ. ಮಣ್ಣಿನ ವರದಿ ತರಿಸುವುದಾದರೆ ಜರಡಿಯಿಂದ ಹೊರಗೆ ಬಿದ್ದ ಕಲ್ಲಿನ ಪಾಲು ಎಷ್ಟೆಂದು ತೂಗಿಡಿ. ಅದು ಗೊತ್ತಿಲ್ಲದೆ ನೀರಿನ ಲೆಕ್ಕ ಅರ್ಧಕ್ಕರ್ಧ ತಪ್ಪುತ್ತದೆ.

ಕುರಿಯ ಗೊರಸಿನ ವಿಷಯದಲ್ಲಿ ನನಗೂ ಅಜ್ಜನಿಗೂ ಕೊನೆವರೆಗೆ ಒಮ್ಮತ ಬರಲಿಲ್ಲ. ಮಳೆಗೆ ಮೊದಲು ಹಿಂಡು ಓಡಾಡಿದರೆ ಹೆಪ್ಪು ಒಡೆದು ಒಳ್ಳೆಯದು, ಅದು ಕುರಿ ಕಾಲಿನ ಉಳುಮೆ ಅನ್ನುತ್ತಾರೆ ಅವರು. ಒಣ ಹೆಪ್ಪು ಒಡೆದರೆ ಆ ಪುಡಿಯೇ ಮೊದಲ ಮಳೆಗೆ ಕೊಚ್ಚಿಹೋಗುತ್ತದೆ, ಒದ್ದೆ ನೆಲದಲ್ಲಿ ತುಳಿದರೆ ಮಣ್ಣು ಬಿಗಿಯಾಗುತ್ತದೆ ಅನ್ನುತ್ತೇನೆ ನಾನು. ಒಡೆದ ಮೇಲೆ ಮುಳ್ಳು ಹಾಸಿದ್ದರೆ ಅವರು ಸರಿ, ಹಾಸದೆ ಬಿಟ್ಟರೆ ನಾನು ಸರಿ, ಹೀಗೇ ಇರಬಹುದು. ಅದನ್ನು ಬೇರೆ ಬೇರೆ ಮಾಡಿ ನೋಡುವಷ್ಟು ಕಾಲ ನಮಗೆ ಸಿಗಲಿಲ್ಲ.

ಇನ್ನೊಂದು ತಿರುವನ್ನು ಆಗ ಗಮನಿಸಿರಲಿಲ್ಲ. ಪಂಚಾಯಿತಿ ಸಭೆಯಲ್ಲಿ ನೀರು ಹಾಕಿ ತೋರಿಸಿದ ದಿನ ಡಬ್ಬವನ್ನು ಅಲ್ಲೇ ಮರೆತು ಬಂದೆವು. ಅದು ಹಟ್ಟಿ ಸೇರಿತು. ಕಳೆದ ಸಲ ಹೋದಾಗ ಅಜ್ಜನ ಮೊಮ್ಮಗ, ಹೈಸ್ಕೂಲು ಹುಡುಗ, ಮನೆಯ ಗೋಡೆ ತೋರಿಸಿದ. ಪ್ರತಿ ಯುಗಾದಿಯ ಮಾರನೇ ದಿನ ಒಂದೇ ಜಾಗದಲ್ಲಿ ಒಂದು ಚೊಂಬು ನೀರು ಹಾಕಿ ನಿಮಿಷ ಎಣಿಸುತ್ತಾನಂತೆ. ಮುಳ್ಳು ಹಾಸಿದ ಕಡೆಯದ್ದು ಇದ್ದಿಲಿನಲ್ಲಿ ಮೇಲಿನಿಂದ ಕೆಳಗೆ ಬರೆದಿತ್ತು: 41, 26, 19. ಪಕ್ಕದಲ್ಲಿ ಹಾಸದೆ ಬಿಟ್ಟ ಬೋಳು ಜಾಗದ್ದು: 43, 43, 45.